ಕೇಳುವುದೆಂದರೇನು?

ವಿದ್ಯೆಯು ಕಿವಿಯ ದಾರಿಯಿಂದ ಬರತಕ್ಕದ್ದೆಂಬುದು ನಮ್ಮ ಹಿರಿಯರ ನಿಶ್ಚಯ. ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರರಲ್ಲಿ ಶ್ರವಣಕ್ಕೇ ಮೊದಲ ಸ್ಥಾನ. ವೇದಕ್ಕೆ ಶ್ರುತಿಯೆಂಬ ಹೆಸರೂ, ಬಹಳ ಬಲ್ಲವನಿಗೆ ಬಹುಶ್ರುತನೆಂಬ ಹೆಸರೂ ಬಂದದ್ದು ಕಿವಿಯಿಂದಲೇ ಹೊರತು ಕಣ್ಣಿನಿಂದಲ್ಲ. ಹೀಗಿರಲಾಗಿ, ಶಾಲೆಯಲ್ಲಿ ಮಕ್ಕಳ ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಸಿ, ಮೇಜಿನ ಮೇಲೆ ಒಂದು ಯಂತ್ರವನ್ನಿಟ್ಟು, ಅದರಿಂದ ಹೊರಡುವ ಧ್ವನಿಯಿಂದ ಪಾಠ ಹೇಳಿಸುವ ಪದ್ಧತಿಯು ಬಳಕೆಗೆ ಬರುತ್ತಿದೆಯೆಂದರೆ, ಶ್ರವಣವನ್ನೇ ನೆಚ್ಚಿದ ಪರಂಪರೆಯ ನಾವು ಹಿಗ್ಗಬೇಕೋ ಹಿಂಜರಿಯಬೇಕೋ? ಆ ಧ್ವನಿಪಾಠಕ್ಕೆ ಪಾಡ್‌ಕಾಸ್ಟ್ ಎಂದು ಹೆಸರು. ಅದನ್ನು ಕುರಿತು ಸ್ವಲ್ಪ ವಿಚಾರ ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ನಮ್ಮ ಅತ್ತಿಗೆಯವರು. ಅವರು ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ನಾಲ್ಕನೆಯ ಮತ್ತು ಐದನೆಯ ತರಗತಿಗಳೆರಡೂ ಒಂದೇ ಕೋಣೆಯಲ್ಲಿ ಅವರ ಪಾಲಿಗೆ ಬಂದಿವೆ. ಐದನೆಯವರಿಗೆ ಭಿನ್ನರಾಶಿ ಹೇಳಿಕೊಡುವಾಗ ನಾಲ್ಕನೆಯವರನ್ನು ಇನ್ನೊಂದು ಮೂಲೆಯಲ್ಲಿ ಕೂರಿಸಿ, ಮೊಬೈಲಿಗೆ ಸಣ್ಣದೊಂದು ಸ್ಪೀಕರನ್ನು ಜೋಡಿಸಿ, ಕಥೆಯನ್ನೋ ಪರಿಸರದ ಪಾಠವನ್ನೋ ಹಚ್ಚಿಡುತ್ತಾರೆ. ಮಕ್ಕಳು ಗಲಾಟೆಯಿಲ್ಲದೆ ಕೇಳುತ್ತಾರೆ. ಬಂದು ನೋಡಿದ ಮೇಲಧಿಕಾರಿಗಳು ಮೆಚ್ಚಿಕೊಂಡೂ ಹೋಗಿದ್ದಾರೆ. ಆದರೂ ಕಳೆದ ಚಾತುರ್ಮಾಸ್ಯದಲ್ಲಿ ಪ್ರವಚನ ಮುಗಿಸಿಕೊಂಡು ಮನೆಗೆ ಬರುವಾಗ ಅವರು, "ಪಾಠ ಹೇಳಲಿಕ್ಕೆಂದು ಸರಕಾರ ನನಗೆ ಸಂಬಳ ಕೊಡುತ್ತದೆ. ಆ ಅರ್ಧ ತಾಸು ಪಾಠ ಹೇಳಿದವರು ಯಾರೋ, ಎಲ್ಲಿಯವರೋ. ಉಂಡ ಅನ್ನದ ಋಣ ತೀರಿತೋ ಇಲ್ಲವೋ, ಪಾಠಶಾಲೆಯಲ್ಲಿ ಓದಿದವನು ನೀನೇ ಹೇಳು ನೋಡೋಣ" ಎಂದರು. ಹಗುರವಾಗಿ ಉತ್ತರಿಸತಕ್ಕ ಪ್ರಶ್ನೆ ಇದಲ್ಲ. ಇದು ಯಂತ್ರದ ಗುಣದೋಷದ ಮಾತಲ್ಲ, ಹೊಣೆಯ ಮಾತು.

ಈ ಪಾಡ್‌ಕಾಸ್ಟ್ ಎಂಬುದರ ಹುಟ್ಟು ತೀರ ಇತ್ತೀಚಿನದು. ಐಪಾಡ್ ಎಂಬ ಕೈಯಂತ್ರದ ಹೆಸರಿನ ಕೊನೆಯನ್ನೂ ಪ್ರಸಾರವೆಂಬರ್ಥದ ಬ್ರಾಡ್‌ಕಾಸ್ಟ್ ಎಂಬ ಶಬ್ದದ ಬಾಲವನ್ನೂ ಕೂಡಿಸಿ 2004ರಲ್ಲಿ ಇಂಗ್ಲೆಂಡಿನ 'ಗಾರ್ಡಿಯನ್' ಪತ್ರಿಕೆಯ ಲೇಖನವೊಂದು ಈ ಪದವನ್ನು ಬಳಸಿತು. ಅದೇ ವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯವು ಹೊಸದಾಗಿ ಸೇರಿದ 1600ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಒಂದೊಂದು ಐಪಾಡನ್ನು ಹಂಚಿ, ಉಪನ್ಯಾಸಗಳನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿರೆಂದಿತು. ನಮ್ಮ ದೇಶದಲ್ಲಿ 2020ರ ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳೆಲ್ಲ ಮುಚ್ಚಿದಾಗ ಕೇಂದ್ರ ಪ್ರೌಢ ಶಿಕ್ಷಣ ಮಂಡಳಿಯ 'ಶಿಕ್ಷಾ ವಾಣಿ' ಎಂಬ ಧ್ವನಿಪಾಠಗಳನ್ನು ಹೆಚ್ಚಾಗಿ ಬಳಸಬೇಕೆಂದು ಸರಕಾರವೇ ಸಾರಿತು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಇದು ಅಷ್ಟೇನೂ ಹೊಸತಲ್ಲ. ಈ ಶತಮಾನದ ಮೊದಲ ದಶಕದಲ್ಲಿಯೇ 'ಕೇಳಿ ಕಲಿ' ಎಂಬ ಬಾನುಲಿ ಪಾಠಗಳನ್ನು ನಮ್ಮ ಹಳ್ಳಿಯ ಶಾಲೆಗಳ ಮಕ್ಕಳು ಕೇಳಿದ್ದರು. ರೇಡಿಯೋ ಪಾಠಕ್ಕೂ ಇದಕ್ಕೂ ಇರುವ ಭೇದ ಇಷ್ಟೆ. ರೇಡಿಯೋ ತನ್ನ ಹೊತ್ತಿಗೆ ಬಂದು ತನ್ನ ಹೊತ್ತಿಗೆ ಹೋಗುತ್ತಿತ್ತು. ಪಾಡ್‌ಕಾಸ್ಟು ಕೇಳುವವನ ಹೊತ್ತಿಗೆ ಬರುತ್ತದೆ, ಬೇಕಾದಲ್ಲಿ ನಿಲ್ಲುತ್ತದೆ, ಹೇಳಿದ್ದನ್ನು ಮತ್ತೆ ಹೇಳುತ್ತದೆ. ಈ ಅಲ್ಪ ಭೇದವೇ ಮುಂದೆ ದೊಡ್ಡದಾಗುವುದನ್ನು ನೋಡಲಿದ್ದೇವೆ.

ಮೊದಲು ಪೂರ್ವಪಕ್ಷ. ಗುರುಮುಖದಿಂದ ಬಾರದ ವಿದ್ಯೆ ವಿದ್ಯೆಯೇ ಅಲ್ಲ, ಯಂತ್ರಮುಖದಿಂದ ಬಂದದ್ದಂತೂ ಸರ್ವಥಾ ಅಲ್ಲ ಎಂದು ನಮ್ಮಲ್ಲಿ ಕೆಲವರು ಖಂಡತುಂಡವಾಗಿ ಹೇಳುವುದುಂಟು. ಪಾಣಿನೀಯ ಶಿಕ್ಷೆಯಲ್ಲಿ ಅಧಮ ಪಾಠಕರ ಪಟ್ಟಿಯೊಂದಿದೆ. ರಾಗವೆಳೆದು ಹಾಡುವವನು, ಅವಸರದಿಂದ ಓದುವವನು, ತಲೆಯಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದೆ ಒದರುವವನು, ಗಂಟಲು ಸಾಲದವನು. ಈ ಆರರಲ್ಲಿ ಎರಡಾದರೂ ನಮ್ಮ ಯಂತ್ರಕ್ಕೆ ಚೆನ್ನಾಗಿ ಒಪ್ಪುತ್ತವೆಯಲ್ಲವೆ? ಅರ್ಥವಂತೂ ಅದಕ್ಕೆ ತಿಳಿಯದು. ಶೀಘ್ರತೆಯೋ, ಒತ್ತುಗುಂಡಿಯಲ್ಲೇ ಇದೆ. ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಪಾಠ ಕೇಳುವ ವಿದ್ಯಾರ್ಥಿಗಳು ಈಗ ಮನೆಮನೆಯಲ್ಲಿದ್ದಾರೆ. (ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: 2021ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಚಿತ್ರಸಹಿತ ಉಪನ್ಯಾಸಗಳನ್ನು ಹೀಗೆ ಓಡಿಸಿ ಪರೀಕ್ಷಿಸಿದಾಗ, ಇಮ್ಮಡಿ ವೇಗದವರೆಗೆ ಗ್ರಹಣಶಕ್ತಿಯು ಅಷ್ಟಾಗಿ ಕುಂದಲಿಲ್ಲವೆಂದು ಕಂಡಿತು.)

ಈ ಆಕ್ಷೇಪವು ಮಹತ್ತಾದುದಾದರೂ ಇದನ್ನು ಹೇಳುವ ಅಧಿಕಾರ ನಮಗೆ ಪೂರ್ತಿಯಾಗಿ ಉಳಿದಿಲ್ಲ. ತಾಳೆಯೋಲೆಯಿಂದ ಅಚ್ಚಿನ ಪುಸ್ತಕಕ್ಕೆ ಬಂದವರು ನಾವು. ಅಚ್ಚಿನ ಪುಸ್ತಕದಿಂದ ಕ್ಯಾಸೆಟ್ಟಿಗೂ ಬಂದೆವು. ಬನ್ನಂಜೆ ಗೋವಿಂದಾಚಾರ್ಯರ ಪ್ರವಚನಗಳನ್ನು ಎದುರು ಕುಳಿತು ಕೇಳಿದವರಿಗಿಂತ ಕ್ಯಾಸೆಟ್ಟಿನಲ್ಲಿ, ಅನಂತರ ಮೊಬೈಲಿನಲ್ಲಿ ಕೇಳಿದವರೇ ಬಹುಶಃ ಹೆಚ್ಚು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೂ ಆ ಧ್ವನಿ ನಮ್ಮ ಮನೆಗಳಲ್ಲಿ ನಿಂತಿಲ್ಲ. ಬೆಳಗಿನ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿನ ನಡುವೆ ಭಾಗವತದ ಉಪನ್ಯಾಸವನ್ನು ಹಚ್ಚಿಟ್ಟುಕೊಳ್ಳುವ ನಾವು, ಶಾಲೆಯ ಮಕ್ಕಳಿಗೆ ಮಾತ್ರ ಅದು ಸಲ್ಲದೆಂದರೆ ಯಾರು ಒಪ್ಪಿಯಾರು?

ಆಕ್ಷೇಪದ ನಿಜವಾದ ತಿರುಳು ಬೇರೆಯೇ ಇದೆ. ಗ್ರೀಸ್ ದೇಶದ ಪ್ಲೇಟೋ ತನ್ನ 'ಫೀಡ್ರಸ್' ಎಂಬ ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಬರವಣಿಗೆಯ ಮೇಲೆ ಒಂದು ದೂರನ್ನು ಹೇಳಿಸಿದ್ದಾನೆ. ಬರೆದ ಮಾತನ್ನು ಏನು ಪ್ರಶ್ನಿಸಿದರೂ ಅದು ಮೊದಲು ಹೇಳಿದ್ದನ್ನೇ ಹೇಳುತ್ತದೆ, ಯಾರ ಮುಂದೆ ಮಾತನಾಡಬೇಕು, ಯಾರ ಮುಂದೆ ಸುಮ್ಮನಿರಬೇಕು ಎಂಬ ವಿವೇಕ ಅದಕ್ಕಿಲ್ಲ ಎಂಬುದು ಆ ದೂರಿನ ಸಾರಾಂಶ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನ ಮಾತು. ವಿಚಿತ್ರವೆಂದರೆ, ಅಂದು ಬರಹದ ಎದುರು ಮಾತಿನ ಪಕ್ಷವನ್ನು ವಹಿಸಲು ಹುಟ್ಟಿದ ಈ ದೂರು ಇಂದು ಮಾತಿಗೇ ತಗಲಿಕೊಂಡಿದೆ. ಸೆರೆಹಿಡಿದಿಟ್ಟ ಮಾತು, ಮಾತಿನ ವೇಷ ಹಾಕಿದ ಬರಹವೇ. ಅದಕ್ಕೆ ನಾಲಗೆಯುಂಟು, ಕಿವಿಯಿಲ್ಲ.

ಈ 'ಕಿವಿಯಿಲ್ಲ' ಎಂಬುದೇ ನನಗೆ ಮುಖ್ಯವಾಗಿ ತೋರುತ್ತದೆ. ಪಾಠಶಾಲೆಯಲ್ಲಿ ಸಂಥೆ ಹೇಳುವ ಕ್ರಮವನ್ನು ವಾಚಕರಲ್ಲಿ ಅನೇಕರು ಬಲ್ಲರು. ಗುರುಗಳು ಒಂದಾವರ್ತಿ ಹೇಳುತ್ತಾರೆ, ಶಿಷ್ಯರು ಎರಡಾವರ್ತಿ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಆ ಹೊತ್ತಿನಲ್ಲಿ ಗುರುಗಳು ಆಡಿದ್ದಕ್ಕಿಂತ ಕೇಳಿದ್ದು ಇಮ್ಮಡಿ. ನಮಗೆ ಪಾಠ ಹೇಳುತ್ತಿದ್ದ ಆಚಾರ್ಯರು ನಾವು ವಲ್ಲಿಯನ್ನು ಮತ್ತೆ ಮತ್ತೆ ಅನ್ನುತ್ತಿರುವಾಗ ಎದ್ದು ಒಳಗೆ ಹೋಗುತ್ತಿದ್ದರು. ತುಳಸಿ ಕೊಯ್ಯುವರು, ಗಂಧ ತೇಯುವರು. ಹಜಾರದಲ್ಲಿ ಹನ್ನೆರಡು ಹುಡುಗರ ಕಂಠ ಒಟ್ಟಾಗಿ ಮೊಳಗುತ್ತಿದ್ದರೂ, ಅದರಲ್ಲಿ ಒಬ್ಬನ ಸ್ವರಿತ ಜಾರಿತೆಂದರೆ ಗಂಧದ ಕೊರಡಿನ ಸದ್ದು ಥಟ್ಟನೆ ನಿಲ್ಲುತ್ತಿತ್ತು. ಅಷ್ಟೆ. ಅವರು ಏನನ್ನೂ ಹೇಳುತ್ತಿರಲಿಲ್ಲ. ಸದ್ದು ನಿಂತಿತೆಂದರೆ ತಪ್ಪಿದವನು ಯಾರೆಂದು ನಮಗೆಲ್ಲ ಗೊತ್ತಾಗಿ, ಅವನು ತಿದ್ದಿಕೊಂಡು ಹೇಳಿದ ಮೇಲೆ ಮತ್ತೆ ಗಂಧ ತೇಯುವ ಸದ್ದು ಕೇಳಿಸುತ್ತಿತ್ತು. ಮಂತ್ರದ ಒಂದು ಒಳ್ಳೆಯ ಧ್ವನಿಮುದ್ರಿಕೆಯು ನಮ್ಮ ಆಚಾರ್ಯರಿಗಿಂತ ಶುದ್ಧವಾಗಿಯೇ ಉಚ್ಚರಿಸಬಹುದು, ಅವರಿಗೆ ವಯಸ್ಸಾಗಿ ಹಲ್ಲುಗಳು ಹೋಗಿದ್ದವು. ಆದರೆ ಯಾವ ಮುದ್ರಿಕೆಯೂ ಹುಡುಗನೊಬ್ಬನು ತಪ್ಪಿದನೆಂದು ಗಂಧ ತೇಯುವುದನ್ನು ನಿಲ್ಲಿಸಲಾರದು.

ನಮ್ಮ ಕನ್ನಡದಲ್ಲಿ 'ಕೇಳು' ಎಂಬ ಒಂದೇ ಧಾತುವಿಗೆ ಎರಡು ಅರ್ಥಗಳಿರುವುದನ್ನು ಇಲ್ಲಿ ನೆನೆಯಬೇಕು. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ಸಂಸ್ಕೃತಕ್ಕಾಗಲಿ ಇಂಗ್ಲಿಷಿಗಾಗಲಿ ಇವೆರಡಕ್ಕೂ ಬೇರೆಬೇರೆ ಶಬ್ದಗಳು ಬೇಕು. ಕನ್ನಡಿಗನಿಗೆ ಒಂದೇ ಸಾಕಾಯಿತು. ಧ್ವನಿಪಾಠವು ಮಗುವಿಗೆ ಮೊದಲನೆಯ ಅರ್ಥದಲ್ಲಿ ಕೇಳುವ ಅವಕಾಶವನ್ನು ಧಾರಾಳವಾಗಿ ಕೊಡುತ್ತದೆ, ಎರಡನೆಯ ಅರ್ಥದಲ್ಲಿ ಕೇಳುವುದಕ್ಕೆ ಅಲ್ಲಿ ಯಾರೂ ಇಲ್ಲ. ಆ ಸ್ಥಾನದಲ್ಲಿ ತರಗತಿಯ ಉಪಾಧ್ಯಾಯರು ನಿಲ್ಲಬೇಕು. ಯಂತ್ರವು ಅವರ ನಾಲಗೆಗೆ ಬಿಡುವು ಕೊಟ್ಟದ್ದು ಕಿವಿಗೆ ಕೆಲಸ ಕೊಡುವುದಕ್ಕಾಗಿ. ಆ ಅರ್ಧ ತಾಸಿನಲ್ಲಿ ಅವರು ಹಾಜರಿ ಪುಸ್ತಕವನ್ನು ತುಂಬುತ್ತ ಕುಳಿತರೆ ಪಾಠ ನಡೆಯಲಿಲ್ಲ. ಮಕ್ಕಳ ಮುಖಗಳನ್ನು ನೋಡುತ್ತ, ಎಲ್ಲಿ ಹುಬ್ಬು ಗಂಟಾಯಿತೋ ಅಲ್ಲಿ ಯಂತ್ರವನ್ನು ನಿಲ್ಲಿಸಿ "ಈಗ ಹೇಳಿದ್ದೇನು?" ಎಂದು ವಿಚಾರಿಸಿದರೆ ಪಾಠ ನಡೆಯಿತು. ನಮ್ಮ ಅತ್ತಿಗೆಯವರಿಗೆ ನಾನು ಕೊಟ್ಟ ಉತ್ತರವೂ ಇದೇ. ಒಂದೇ ಕೋಣೆಯಲ್ಲಿ ಎರಡು ತರಗತಿಗಳನ್ನು ನಡೆಸುವವರಿಗೆ ಈ ಉತ್ತರ ಪೂರ್ತಿ ಸಾಲದೆಂಬುದನ್ನೂ ಬಲ್ಲೆ. ಭಿನ್ನರಾಶಿಯ ಮಧ್ಯದಲ್ಲಿ ಇನ್ನೊಂದು ಮೂಲೆಯ ಹುಬ್ಬುಗಳನ್ನು ನೋಡುವುದೆಂತು? ಅದು ಉಪಾಧ್ಯಾಯರ ದೋಷವಲ್ಲ, ಕೋಣೆಗೊಬ್ಬರನ್ನು ಕೊಡದ ವ್ಯವಸ್ಥೆಯ ದೋಷ. ಆದರೂ ಭಿನ್ನರಾಶಿ ಮುಗಿದ ಮೇಲೆ ಹತ್ತು ನಿಮಿಷ ಆ ಮೂಲೆಗೆ ಹೋಗಿ ಕುಳಿತುಕೊಂಡು ಮಕ್ಕಳಿಂದ ಕಥೆಯನ್ನು ಮರಳಿ ಹೇಳಿಸಬಹುದು. ಅವರು ಈಗ ಹಾಗೆಯೇ ಮಾಡುತ್ತಿದ್ದಾರೆ.

ಇದು ಕೇವಲ ನಮ್ಮ ಪಾಠಶಾಲೆಯ ಅಭಿಮಾನದ ಮಾತೆಂದು ಯಾರಾದರೂ ಅಂದಾರು. ಪಾಶ್ಚಾತ್ಯರು ನಡೆಸಿದ ಪರೀಕ್ಷೆಗಳು ಹೇಳುವುದೂ ಇದಕ್ಕೆ ದೂರವಾಗಿಲ್ಲ. ಅಮೆರಿಕದಲ್ಲಿ ಡೇನಿಯಲ್ ಮತ್ತು ವುಡಿ ಎಂಬ ಇಬ್ಬರು ಮನಶ್ಶಾಸ್ತ್ರದ ಅಧ್ಯಾಪಕರು ಒಂದೇ ಲೇಖನವನ್ನು ಕೆಲವು ವಿದ್ಯಾರ್ಥಿಗಳಿಗೆ ಓದಲು ಕೊಟ್ಟು, ಕೆಲವರಿಗೆ ಪಾಡ್‌ಕಾಸ್ಟಿನ ರೂಪದಲ್ಲಿ ಕೇಳಿಸಿ, ಅನಂತರ ಪ್ರಶ್ನೆಗಳನ್ನು ಹಾಕಿದರು. 2010ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಓದಿದವರಿಗೆ ಸರಾಸರಿ ನೂರಕ್ಕೆ 81 ಅಂಕಗಳೂ ಕೇಳಿದವರಿಗೆ 59 ಅಂಕಗಳೂ ಬಂದವು. ಶ್ರವಣಕ್ಕೆ ಇದು ದೊಡ್ಡ ಸೋಲೆಂದು ಕಾಣಬಹುದು. ಆದರೆ ಅದಕ್ಕೆ ಒಂದು ವರ್ಷ ಮೊದಲು, 2009ರಲ್ಲಿ, ನ್ಯೂಯಾರ್ಕ್ ರಾಜ್ಯದ ಫ್ರೆಡೋನಿಯಾದಲ್ಲಿ ನಡೆದ ಇನ್ನೊಂದು ಪರೀಕ್ಷೆಯ ಫಲ ಬೇರೆ. ಅಲ್ಲಿ ಕೆಲವರು ಉಪನ್ಯಾಸಕ್ಕೆ ಬಂದು ಕುಳಿತರು, ಕೆಲವರು ಬಾರದೆ ಅದೇ ಉಪನ್ಯಾಸದ ಪಾಡ್‌ಕಾಸ್ಟನ್ನು ಕೇಳಿದರು. ವಾರ ಕಳೆದು ಪರೀಕ್ಷಿಸಿದಾಗ ಬಂದು ಕುಳಿತವರ ಸರಾಸರಿ 62, ಪಾಡ್‌ಕಾಸ್ಟಿನವರ ಸರಾಸರಿ 71. ಹೆಚ್ಚು ಅಂಕ ತೆಗೆದವರು ಕೇಳುವಾಗ ಕಾಗದದ ಮೇಲೆ ಗುರುತು ಹಾಕಿಕೊಂಡವರು. ಸುಮ್ಮನೆ ಕೇಳಿದವರಿಗೆ ಆ ಲಾಭ ದೊರೆಯಲಿಲ್ಲ. ಎರಡು ಪರೀಕ್ಷೆಗಳಲ್ಲಿಯೂ ಯಂತ್ರ ಒಂದೇ ಬಗೆಯದು. ಕಿವಿಗೆ ಬಿದ್ದ ಮಾತನ್ನು ನಿಲ್ಲಿಸಿ, ಹಿಂದೆ ಹೋಗಿ, ಕೈಯಿಂದ ಹಿಡಿದಿಟ್ಟುಕೊಳ್ಳುವ ಶ್ರಮವೊಂದು ಮಾತ್ರ ಬೇರೆ. ಶ್ರವಣದ ಬೆನ್ನಿಗೇ ಮನನವನ್ನು ಹೇಳಿದವರು ಇದನ್ನು ಕಂಡು ಆಶ್ಚರ್ಯಪಡುತ್ತಿರಲಿಲ್ಲ.

ಇದಕ್ಕಿಂತಲೂ ನನಗೆ ಹಿಡಿಸಿದ್ದು ನಿಕರಾಗುವ ದೇಶದ ಪ್ರಸಂಗ. ಮಧ್ಯ ಅಮೆರಿಕದ ಆ ಬಡ ದೇಶದಲ್ಲಿ 1974ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಲ್ಲಿಯ ಸರಕಾರದೊಡನೆ ಕೂಡಿ ಪ್ರಾಥಮಿಕ ಶಾಲೆಗಳಿಗೆ ರೇಡಿಯೋ ಮೂಲಕ ಗಣಿತ ಕಲಿಸಲಾರಂಭಿಸಿದರು. ಪ್ರತಿದಿನ ಸುಮಾರು ಅರ್ಧ ತಾಸು ರೇಡಿಯೋ, ಆಮೇಲೆ ಅದನ್ನು ಹಿಡಿದು ಉಪಾಧ್ಯಾಯರ ಪಾಠ. ಆ ಪಾಠಗಳ ವಿಶೇಷವೆಂದರೆ ರೇಡಿಯೋ ಒಂದು ಪ್ರಶ್ನೆಯನ್ನು ಕೇಳಿ ಸುಮ್ಮನಾಗುತ್ತಿತ್ತು. ಮಕ್ಕಳೆಲ್ಲ ಗಟ್ಟಿಯಾಗಿ ಉತ್ತರ ಹೇಳುವಷ್ಟು ಹೊತ್ತು ಅಳೆದು ಬಿಟ್ಟ ಮೌನವದು. ಆಮೇಲೆ ಸರಿಯುತ್ತರವನ್ನು ಹೇಳಿ ಮುಂದುವರಿಯುತ್ತಿತ್ತು. ರೇಡಿಯೋಗೆ ಮಕ್ಕಳ ಉತ್ತರ ಕೇಳಿಸದು, ಮಕ್ಕಳಿಗೆ ಮಾತ್ರ ತಮಗೊಂದು ಸರದಿಯುಂಟೆಂದು ತಿಳಿಯುತ್ತಿತ್ತು. ಆ ತರಗತಿಗಳ ಮಕ್ಕಳು ಗಣಿತದಲ್ಲಿ ಉಳಿದವರನ್ನು ಸ್ಪಷ್ಟವಾಗಿ ಮೀರಿಸಿದರು. ಪಾಠ ಮಾಡಿದವರು ಸಂಥೆಯ ಹೆಸರನ್ನೇ ಕೇಳದವರು. ಆದರೂ ಶಿಷ್ಯನ ಬಾಯಿಗೆ ಸ್ಥಳ ಬಿಡದೆ ಪಾಠ ನಡೆಯದೆಂದು ಅವರೂ ಕಂಡುಕೊಂಡರಲ್ಲ! ಇಂದಿನ ಪಾಡ್‌ಕಾಸ್ಟುಗಳಲ್ಲಿ ಈ ಮೌನ ಬಲು ವಿರಳ. ಎಡೆಬಿಡದೆ ಮಾತು, ಮಾತಿನ ಕೆಳಗೆ ಸಂಗೀತ, ಅದೂ ಸಾಲದೆಂಬಂತೆ ನಡುನಡುವೆ ಜಾಹೀರಾತು.

ಯಂತ್ರದ ಪಕ್ಷದಲ್ಲಿ ಹೇಳಬೇಕಾದದ್ದು ಬಹಳ ಇದೆ. ಅದಕ್ಕೆ ಬೇಸರವಿಲ್ಲ. ಅತ್ತಿಗೆಯವರ ತರಗತಿಯಲ್ಲಿ ತುಟಿ ಬಿಚ್ಚದ ಹುಡುಗನೊಬ್ಬನಿದ್ದಾನೆ. ಅವನು ತಾಯಿಯ ಮೊಬೈಲಿನಲ್ಲಿ ಪಾಠದ ಒಂದು ಭಾಗವನ್ನು ಏಳು ಸಲ ಹಚ್ಚಿ ಕೇಳಿದನೆಂದು ಆ ತಾಯಿಯೇ ಬಂದು ಹೇಳಿದಳಂತೆ. ಏಳು ಸಲ "ಇನ್ನೊಮ್ಮೆ ಹೇಳಿ" ಎಂದು ಯಾವ ಉಪಾಧ್ಯಾಯರನ್ನು ಅವನು ಕೇಳಿಯಾನು? ಕೇಳಿದರೂ ಮೂರನೆಯ ಸಲಕ್ಕೆ ಯಾರ ಹುಬ್ಬು ಏರದೆ ಇದ್ದೀತು? ದಡ್ಡನೆನಿಸಿಕೊಳ್ಳುವ ನಾಚಿಕೆಯಿಲ್ಲದೆ ಮತ್ತೆ ಕೇಳುವ ಅವಕಾಶವು ಮಂದಗತಿಯ ಮಗುವಿಗೆ ಸಣ್ಣ ಉಪಕಾರವಲ್ಲ. ಕಣ್ಣು ಕಾಣದ ಮಕ್ಕಳ ಮಾತಂತೂ ಸರಿಯೇ. ಅಕ್ಷರಗಳು ಕಣ್ಣೆದುರು ಕಲಸಿಹೋಗುವ ತೊಂದರೆಯುಳ್ಳ ಮಕ್ಕಳಿಗೂ ಇದು ವರವೇ ಆಗಿದೆ. ಬುದ್ಧಿ ಚುರುಕಾಗಿದ್ದೂ ಓದಲಾರದೆ ಹಿಂದೆ ಬೀಳುವ ಇಂಥವರನ್ನು ನಾವು ಬಹುಕಾಲ ಸೋಮಾರಿಗಳೆಂದು ಬೈದೆವು.

ಇನ್ನು ದೊಡ್ಡ ತರಗತಿಗಳವರಿಗೆ ಬೇರೊಂದು ಲಾಭವುಂಟು. ಬಿ.ಬಿ.ಸಿ.ಯಲ್ಲಿ 1998ರಿಂದ ನಡೆದುಬಂದಿರುವ 'ಇನ್ ಅವರ್ ಟೈಮ್' ಎಂಬ ಕಾರ್ಯಕ್ರಮವಿದೆ. 2025ರವರೆಗೆ ಅದನ್ನು ನಡೆಸಿಕೊಟ್ಟವರು ಮೆಲ್ವಿನ್ ಬ್ರ್ಯಾಗ್. ವಿಷಯವೊಂದನ್ನು ಎತ್ತಿಕೊಂಡು, ಅದರಲ್ಲಿ ಪರಿಣತರಾದ ಮೂವರು ಪ್ರಾಧ್ಯಾಪಕರನ್ನು ಕೂರಿಸಿಕೊಂಡು ಮುಕ್ಕಾಲು ತಾಸು ವಿಚಾರಿಸುವುದು ಅದರ ಕ್ರಮ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪದಿರುತ್ತಾರೆ, ಒಪ್ಪದಿರುವುದಕ್ಕೆ ಕಾರಣವನ್ನು ಕೊಡುತ್ತಾರೆ, ದನಿಯನ್ನು ಮಾತ್ರ ಏರಿಸುವುದಿಲ್ಲ. ನಮ್ಮ ವಾಕ್ಯಾರ್ಥಗೋಷ್ಠಿಗಳನ್ನು ಕಂಡವರಿಗೆ ಇದರ ರುಚಿ ಕೂಡಲೇ ಹತ್ತುತ್ತದೆ. (ದನಿಯ ವಿಷಯದಲ್ಲಿ ನಮ್ಮ ಗೋಷ್ಠಿಗಳು ಸ್ವಲ್ಪ ಉದಾರ.) ಪಠ್ಯಪುಸ್ತಕವು ಸಿದ್ಧಾಂತವನ್ನು ಮಾತ್ರ ಕೊಡುತ್ತದೆ, ತಿಳಿದವರಲ್ಲೂ ಭಿನ್ನಾಭಿಪ್ರಾಯವಿರುತ್ತದೆಂಬುದನ್ನು ಹದಿನಾರು ವಯಸ್ಸಿನ ಹುಡುಗ ಹುಡುಗಿಯರು ತಮ್ಮ ಕಿವಿಯಿಂದಲೇ ಕೇಳುವುದು ಬೇರೆ.

ಆದರೆ ಯಾವ ಧ್ವನಿಯನ್ನು ಕೇಳಿಸಬೇಕೆಂಬಲ್ಲಿ ಉಪಾಧ್ಯಾಯರ ಹೊಣೆ ಅತ್ಯಂತ ಗಂಭೀರವಾಗುತ್ತದೆ. ಶಬ್ದವು ನಿರ್ದೋಷವಾಗಿದ್ದರೆ ಮಾತ್ರ ಪ್ರಮಾಣವೆಂದು ನಮ್ಮ ಶಾಸ್ತ್ರದ ನಿರ್ಣಯ. ಹೇಳುವವನು ವಿಷಯವನ್ನು ಬಲ್ಲವನೇ, ವಂಚಿಸುವ ಇಚ್ಛೆಯಿಲ್ಲದವನೇ ಎಂದು ನೋಡಬೇಕು. ಕಂಠದ ಮಾಧುರ್ಯವು ಈ ಪರೀಕ್ಷೆಯಲ್ಲಿ ಲೆಕ್ಕಕ್ಕಿಲ್ಲ. ಪುಸ್ತಕಕ್ಕೆ ಪಠ್ಯಸಮಿತಿಯೆಂಬ ಜರಡಿಯಾದರೂ ಉಂಟು, ಪಾಡ್‌ಕಾಸ್ಟಿಗೆ ಅದೂ ಇಲ್ಲ. ಈಚೆಗೆ ಈ ತೊಡಕು ಇನ್ನೂ ಒಂದು ಸುತ್ತು ಬಿಗಿದುಕೊಂಡಿದೆ. 2024ರಲ್ಲಿ ಗೂಗಲ್ ಸಂಸ್ಥೆಯು ತನ್ನ 'ನೋಟ್‌ಬುಕ್ ಎಲ್‌ಎಂ' ಎಂಬ ಸಾಧನದಲ್ಲಿ ಒಂದು ಹೊಸ ಸೌಕರ್ಯವನ್ನು ಕೂಡಿಸಿತು. ಯಾವುದಾದರೂ ಪಾಠದ ಹಾಳೆಗಳನ್ನು ಅದಕ್ಕೆ ಕೊಟ್ಟರೆ ಇಬ್ಬರು ಕುಳಿತು ಹರಟುತ್ತಿರುವಂಥ ಪಾಡ್‌ಕಾಸ್ಟನ್ನು ತಾನೇ ತಯಾರಿಸುತ್ತದೆ. ಆ ಇಬ್ಬರೂ ಎಲ್ಲಿಯೂ ಇಲ್ಲ. ನಗುತ್ತಾರೆ, ಅಚ್ಚರಿಪಡುತ್ತಾರೆ, "ಹೌದಲ್ಲವೇ!" ಎನ್ನುತ್ತಾರೆ, ಹಾಗೆನ್ನುವವರು ಯಾರೂ ಇಲ್ಲ. ಪುರುಷನಿಲ್ಲದ ಈ ಮಾತನ್ನು ಪರಿಹಾಸಕ್ಕೆ ಅಪೌರುಷೇಯವೆಂದು ಕರೆಯಬಹುದಾದರೂ, ವಕ್ತೃವಿನ ದೋಷಗಳು ಅದರಲ್ಲಿ ಇಲ್ಲವೆಂದು ಮಾತ್ರ ತಿಳಿಯಬಾರದು. ತಪ್ಪನ್ನೂ ಅದು ಅದೇ ಉತ್ಸಾಹದಿಂದ ಹೇಳುತ್ತದೆ. ಮನುಷ್ಯನೊಬ್ಬನು ತಪ್ಪು ಹೇಳಿದರೆ ಹಿಡಿದು ಕೇಳಬಹುದು. ಇಲ್ಲಿ ಹಿಡಿಯುವುದು ಯಾರನ್ನು?

ಧ್ವನಿಯು ಸತ್ಯವಾಗಿದ್ದರೂ ಸಲ್ಲದ ಸಂದರ್ಭಗಳುಂಟು. 2014ರಲ್ಲಿ ಅಮೆರಿಕದಲ್ಲಿ 'ಸೀರಿಯಲ್' ಎಂಬ ಪಾಡ್‌ಕಾಸ್ಟು ಬಹು ಪ್ರಸಿದ್ಧವಾಯಿತು. ಬಾಲ್ಟಿಮೋರ್ ಪ್ರಾಂತದಲ್ಲಿ 1999ರಲ್ಲಿ ಕೊಲೆಯಾದ ಪ್ರೌಢಶಾಲೆಯ ಹುಡುಗಿಯೊಬ್ಬಳ ಮೊಕದ್ದಮೆಯನ್ನು ವಾರವಾರಕ್ಕೂ ಬಿಡಿಸುತ್ತ ಹೋಗುವುದು ಅದರ ವಸ್ತು. ಅಲ್ಲಿಯ ಕೆಲವು ಶಾಲೆಗಳ ಇಂಗ್ಲಿಷ್ ಉಪಾಧ್ಯಾಯರು ಅದನ್ನೇ ಪಾಠವಾಗಿಟ್ಟರು. ಮಕ್ಕಳು ಎಂದೂ ಇಲ್ಲದ ಆಸಕ್ತಿಯಿಂದ ಕೇಳಿದರು, ಸಾಕ್ಷ್ಯಗಳನ್ನು ತೂಗಿದರು, ತಮ್ಮ ತಮ್ಮಲ್ಲೇ ವಾದ ಮಾಡಿದರು. ಪ್ರತ್ಯಕ್ಷವೆಷ್ಟು, ಅನುಮಾನವೆಷ್ಟು, ಹೇಳಿಕೆಯ ಮಾತೆಷ್ಟು ಎಂದು ವಿಂಗಡಿಸುವ ಅಭ್ಯಾಸ ಅವರಿಗಾಯಿತೆಂದು ಒಪ್ಪೋಣ. ಆದರೆ ಸತ್ತವಳು ಕಥೆಯ ಪಾತ್ರವಲ್ಲ. ಅವಳ ವಯಸ್ಸಿನವರೇ ಅವಳ ಸಾವನ್ನು ಒಗಟಿನಂತೆ ಬಿಡಿಸಿ ಅಂಕ ಪಡೆದರು. ಅವಳ ತಾಯಿ ಬದುಕಿದ್ದಳು. 2016ರಲ್ಲಿ ಮೊಕದ್ದಮೆ ಮತ್ತೆ ನ್ಯಾಯಾಲಯಕ್ಕೆ ಬಂದಾಗ ಆ ಕುಟುಂಬದವರು ತಮ್ಮ ಗಾಯಗಳು ಮತ್ತೆ ಬಿಚ್ಚಿಕೊಂಡವೆಂದು ಬಹಿರಂಗವಾಗಿ ನೊಂದು ನುಡಿದರು. ಶಿಕ್ಷೆಗೊಳಗಾದವನ ಅಪರಾಧ ನಿರ್ಣಯವು 2022ರಲ್ಲಿ ರದ್ದಾಗಿ, 2023ರಲ್ಲಿ ಮತ್ತೆ ಊರ್ಜಿತವಾಯಿತು. 2025ರಲ್ಲಿ ಆ ನಿರ್ಣಯವನ್ನು ಉಳಿಸಿಕೊಂಡೇ ಅವನು ಕಳೆದ ಸೆರೆವಾಸದಷ್ಟಕ್ಕೆ ಶಿಕ್ಷೆಯನ್ನು ಇಳಿಸಲಾಯಿತು. ಇಷ್ಟು ವರ್ಷ ನ್ಯಾಯಾಲಯಗಳೇ ಹೊಯ್ದಾಡಿದ್ದನ್ನು ಮಕ್ಕಳು ಒಂದು ವಾರದಲ್ಲಿ ಕೈಯೆತ್ತಿ ತೀರ್ಮಾನಿಸಬೇಕೆಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ತರಗತಿಯು ಕಿಕ್ಕಿರಿದು ಕೇಳಿತೆಂಬುದು ಪಾಠದ ಯೋಗ್ಯತೆಗೆ ಸಾಕ್ಷಿಯಲ್ಲ. ಹಾಗಾದರೆ ಬೀದಿಯ ಜಗಳವೇ ಉತ್ತಮ ಪಾಠವಾಗಬೇಕಾದೀತು.

ಇದರ ಪಕ್ಕದಲ್ಲಿಡತಕ್ಕ ಇನ್ನೊಂದು ಉದಾಹರಣೆಯೂ ಅಲ್ಲಿಯದೇ. ಅಮೆರಿಕದ ಸಾರ್ವಜನಿಕ ಬಾನುಲಿಯಾದ ಎನ್.ಪಿ.ಆರ್. 2019ರಲ್ಲಿ ಶಾಲೆಯ ಮಕ್ಕಳೇ ಪಾಡ್‌ಕಾಸ್ಟುಗಳನ್ನು ತಯಾರಿಸುವ ಸ್ಪರ್ಧೆಯೊಂದನ್ನು ನಡೆಸಿತು. ಸುಮಾರು 6000 ಪಾಡ್‌ಕಾಸ್ಟುಗಳು ಬಂದುವು. ಗೆದ್ದವರಲ್ಲಿ ಟೆನ್ನೆಸೀ ರಾಜ್ಯದ ಎಲಿಜಬೆತ್‌ಟನ್ ಪ್ರೌಢಶಾಲೆಯ ಮಕ್ಕಳೂ ಇದ್ದರು. ಅವರು ಎತ್ತಿಕೊಂಡದ್ದು ನೆರೆಯ ಅರ್ವಿನ್ ಎಂಬ ಊರಿನ ಹಳೆಯ ಕಳಂಕವನ್ನು. 1916ರಲ್ಲಿ ಸರ್ಕಸ್ಸಿನ ಮೇರಿಯೆಂಬ ಆನೆಯೊಂದು ಮನುಷ್ಯನನ್ನು ಕೊಂದಿತೆಂದು ಆ ಊರಿನಲ್ಲಿ ರೈಲ್ವೆಯ ಕ್ರೇನಿಗೆ ಕಟ್ಟಿ ಅದನ್ನು ಗಲ್ಲಿಗೇರಿಸಿದ್ದರು. ನೂರು ವರ್ಷ ಕಳೆದರೂ ಊರಿನ ಹೆಸರಿಗೆ ಆ ಆನೆಯ ನೆನಪು ಅಂಟಿಕೊಂಡಿದೆ. ಮಕ್ಕಳು ಅಲ್ಲಿಯವರನ್ನು ಮಾತನಾಡಿಸಿ, ಊರು ಅದನ್ನು ಹೇಗೆ ಹೊತ್ತು ಬಾಳುತ್ತಿದೆಯೆಂದು ವಿಚಾರಿಸಿದರು. ಇಲ್ಲಿಯೂ ವಿಷಯ ಮೃತ್ಯುವೇ, ಕ್ರೌರ್ಯವೇ. ಆದರೆ ಈ ಮಕ್ಕಳು ಹೊಣೆಯನ್ನು ಹೊತ್ತವರ ಮುಂದೆ ನಿಂತು, ಕನ್ನಡದ ಎರಡೂ ಅರ್ಥಗಳಲ್ಲಿ, ಕೇಳಿದರು. ಎದುರಿಗಿದ್ದವರ ಮುಖ ಕುಂದಿದಾಗ ಪ್ರಶ್ನೆಯನ್ನು ಮೃದುವಾಗಿಸಬೇಕಾದದ್ದೂ ಅವರೇ. ನಮ್ಮ ಅಜ್ಜ ಅಜ್ಜಿಯರ ಬಳಿ ಎಷ್ಟು ಹಾಡುಗಳು, ಮಡಿಯಡಿಗೆಯ ಕ್ರಮಗಳು, ಬಿಟ್ಟುಬಂದ ಅಗ್ರಹಾರಗಳ ಸುದ್ದಿಗಳು ಉಳಿದಿವೆ! ಬೇಸಿಗೆ ರಜೆಯಲ್ಲಿ ಮಕ್ಕಳ ಕೈಗೆ ಮೊಬೈಲನ್ನು ಕೊಡುವುದು ಹೇಗೂ ತಪ್ಪದು, ಅದರಿಂದ ಇದನ್ನಾದರೂ ಮಾಡಿಸಬಹುದು.

ಕೊನೆಗೆ ಒಂದು ವಿಷಯ ಉಳಿದಿದೆ. ಇದನ್ನು ನಾನು ಬಹಳ ಕಡೆ ಚರ್ಚಿಸಿದ್ದನ್ನು ಕಾಣೆ. ಕಣ್ಣು ಕಾಣದ ಮಗುವಿಗೆ ಧ್ವನಿಪಾಠ ವರವೆಂದು ಮೇಲೆ ಹೇಳಿದೆ. ಕಿವಿ ಕೇಳದ ಮಗು ಅದೇ ಕೋಣೆಯಲ್ಲಿ ಕುಳಿತಿದ್ದರೆ? ಉಪಾಧ್ಯಾಯರು ಬಾಯಿಂದ ಹೇಳುವಾಗ ಆ ಮಗು ಅವರ ತುಟಿಯನ್ನು, ಕೈಯನ್ನು, ಕರಿಹಲಗೆಯನ್ನು ನೋಡಿ ಒಂದಷ್ಟನ್ನು ಗ್ರಹಿಸುತ್ತಿತ್ತು. ಸ್ಪೀಕರಿಗೆ ತುಟಿಯಿಲ್ಲ. ಸುತ್ತಲಿನವರೆಲ್ಲ ನಗುವಾಗ ಅದು ಅವರ ಮುಖಗಳನ್ನು ನೋಡಿ ತಾನೂ ನಗಬೇಕು. ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಕಾನೂನು ಇಂಥ ಮಕ್ಕಳನ್ನು ಉಳಿದವರೊಡನೆಯೇ ಕೂರಿಸಿ ಕಲಿಸಬೇಕೆನ್ನುತ್ತದೆ, ಬರಿದೆ ಕೂರಿಸಬೇಕೆಂದಲ್ಲ. ಪಾಠದ ಮಾತುಗಳನ್ನೆಲ್ಲ ಮೊದಲೇ ಬರೆದು ಆ ಮಗುವಿನ ಕೈಗೆ ಕೊಡಬೇಕಾಗುತ್ತದೆ. ಅರ್ಧ ತಾಸಿನ ಮಾತನ್ನು ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳಲು ಎರಡು ಮೂರು ತಾಸು ಹಿಡಿಯುತ್ತದೆ. ಅತ್ತಿಗೆಯವರ ತರಗತಿಗೆ ಈ ವರ್ಷ ಅಂಥ ಬಾಲಕಿಯೊಬ್ಬಳು ಸೇರಿದ್ದಾಳೆ. ರಾತ್ರಿ ಊಟವಾದ ಮೇಲೆ ಅವರು ಮರುದಿನದ ಪಾಠವನ್ನು ಕಿವಿಗೆ ಹಚ್ಚಿಕೊಂಡು ದಪ್ಪಕ್ಷರಗಳಲ್ಲಿ ಬರೆಯುತ್ತಾರೆ. ಕೈ ಸೋತಾಗ ಅಣ್ಣ ಬರೆಯುತ್ತಾನೆ.